ನಲವತ್ತು ಡಿಸ್ಕುಗಳ ಜಂಬ

ನಲವತ್ತು ಡಿಸ್ಕುಗಳನ್ನು ಹೊತ್ತಿದ್ದ ವಿಶ್ವವಿದ್ಯಾಲಯದ ಸರ್ವರು, "ನಾನು ಯಾರನ್ನೂ ಕೈಬಿಟ್ಟವನಲ್ಲ" ಎಂದು ಕೊಚ್ಚಿಕೊಳ್ಳುತ್ತಿತ್ತು.

ಫಲಿತಾಂಶದ ದಿನ ಅದು ಆ ನಲವತ್ತರಲ್ಲೇ ಒಂದಾದ, ತಂತಿಯಿಂದ ಜೋಡಿಸಿದ್ದ ಪಕ್ಕದ ಕಟ್ಟಡದ ಡಿಸ್ಕನ್ನು ಕೂಗಿತು. ಉತ್ತರ ಬರಲಿಲ್ಲ. ಸರ್ವರು ಕಾಯುತ್ತ ನಿಂತಿತು. ಉಳಿದ ಕೆಲಸಗಳೆಲ್ಲ ಅದರ ಹಿಂದೆ ನಿಂತವು. ಅಂಕ ತಿಳಿದು ವಿದ್ಯಾರ್ಥಿಗಳು ಮುಂದಿನ ಪ್ರವೇಶಕ್ಕೆ ಅರ್ಜಿ ಹಾಕಲು ಸಂಜೆ ಐದು ಗಂಟೆಯೇ ಕೊನೆ.

"ಅಣ್ಣಾ, ಅಂಕಪಟ್ಟಿಗಳು ನನ್ನಲ್ಲೇ ಇವೆ, ತೆಗೆದುಕೊ," ಎಂದಿತು ಒಳಗಿನ ಪುಟ್ಟ ಡಿಸ್ಕು.

"ತಾಳು. ಮೊದಲು ಅವನು ಓಗೊಡಲಿ. ಜೊತೆಗಾರರನ್ನು ಬಿಟ್ಟು ಮುಂದೆ ಹೋಗುವ ಜಾಯಮಾನ ನನ್ನದಲ್ಲ."

"ಅವನನ್ನು ಹೋದ ವಾರವೇ ಗುಜರಿಗೆ ಹಾಕಿದರು. ಆಗಲೇ ಹೇಳಿದೆ. ನೀನು ನಮ್ಮನ್ನು ಎಣಿಸಿ ಜಂಬ ಕೊಚ್ಚಿಕೊಳ್ಳುವುದರಲ್ಲಿದ್ದೆ."

ಸರ್ವರು ನಾಚಿ ತನ್ನ ಪಟ್ಟಿಯಿಂದ ಆ ಡಿಸ್ಕಿನ ಹೆಸರನ್ನು ಹೊಡೆದುಹಾಕಿತು. ಫಲಿತಾಂಶ ಹೊರಬಿದ್ದಾಗ ಐದೂವರೆ.

ಈಗ ಎಷ್ಟು ಡಿಸ್ಕುಗಳೆಂದು ಯಾರಾದರೂ ಕೇಳಿದರೆ, ಅದು ಫ್ಯಾನನ್ನು ಜೋರಾಗಿ ತಿರುಗಿಸಿ ಕೇಳಿಸದಂತೆ ನಟಿಸುತ್ತದೆ.