ಹಗೇವಿಗಿಳಿದ ಮೂರು ದೀಪ

ಒಂದಾನೊಂದು ಕಾಲ್ದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರಲಿಲ್ಲ, ಅಂಥಾ ಕಾಲ್ದಲ್ಲಿ, ಬಯಲುಸೀಮೆಯ ಒಂದೂರಲ್ಲಿ ದ್ಯಾವೀರಿ ಅಂತ ಒಬ್ಬ ಹುಡುಗಿ ಇದ್ದಳಂತೆ. ಹೂಂ ಅನ್ನು ಮತ್ತೆ, ನಾನೇನು ಗೋಡೆಗೆ ಕತೆ ಹೇಳ್ಲಾ? ಕಾಲು ಒದರಬೇಡ, ಹೊದ್ಕೊ. ಅವಳೂ ನಿನ್ನ ಥರಾನೇ ಕಣೇ, ಒಂದು ಗಳಿಗೆ ಒಂದು ಕಡೆ ಕೂತವಳಲ್ಲ. ಒಲೆ ಸುಡತ್ತೆ ಅಂದ್ರೆ ಬೆರಳಿಟ್ಟು ನೋಡೋಳು, ಬೇವಿನಕಾಯಿ ಕಹಿ ಅಂದ್ರೆ ಕಚ್ಚಿ ಥೂ ಅಂತ ಉಗಿಯೋಳು. ಉರಿಯೋ ದೀಪದ ಮೇಲೆ ಗಡಿಗೆ ಕವುಚೋಳು, ಎತ್ತಿ ನೋಡಿದ್ರೆ ದೀಪ ಆರಿರೋದು, ಮತ್ತೆ ಹಚ್ಚೋಳು, ಮತ್ತೆ ಕವುಚೋಳು. ಎಣ್ಣೆ ಎಲ್ಲಾ ಹಾಳು ಮಾಡ್ತೀಯಲ್ಲೇ ಮುಂಡೇದೇ ಅಂತ ಅವ್ವ ಬೆನ್ನಿಗೆ ಎರಡು ಬಿಡೋಳಂತೆ. ಇನ್ನು ಅವಳ ಬಾಯಂತೂ ಕೇಳ್ಬೇಡ. ಯಾರೇನು ಹೇಳಿದ್ರೂ ಒಂದೇ ಮಾತು ಕೇಳೋಳು, ಕಣ್ಣಾರೆ ಕಂಡಿದ್ದಾ?

ಆ ಊರಿಗೊಂದು ಹಗೇವು ಇತ್ತಂತೆ. ಹಗೇವು ಗೊತ್ತಿಲ್ವಾ? ಅಯ್ಯೋ ನಿನ್ನ, ರಾಗಿ ತುಂಬಿಡೋಕೆ ನೆಲದೊಳಗೆ ತೋಡಿರೋ ಗುಂಡಿ ಕಣೇ. ಬಾಯಿ ಒಬ್ಬ ಮನುಷ್ಯ ತೂರೋವಷ್ಟು, ಒಳಗೆ ನಮ್ಮ ಅಡುಗೆಮನೆಯಷ್ಟು ಅಗಲ, ಎರಡಾಳು ಆಳ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ರೆ ವರ್ಷಗಟ್ಟಲೆ ರಾಗಿಗೆ ಹುಳ ಬೀಳಲ್ಲ. ಬೇಕಾದಾಗ ಒಬ್ಬ ಒಳಗಿಳಿದು ಕುಕ್ಕೆಗೆ ತುಂಬಿಕೊಡೋದು, ಮೇಲಿನೋರು ಹಗ್ಗ ಹಾಕಿ ಎಳ್ಕೊಳ್ಳೋದು. ಹಂಗೆ ಇಳಿಯೋ ಕೆಲಸ ದ್ಯಾವೀರಿ ಮನೆಯೋರದು. ಅವಳಪ್ಪ ಬೊಮ್ಮಣ್ಣ, ಅವರು ಮೂರು ಜನ ಅಣ್ಣತಮ್ಮಂದಿರು, ಇವನು ನಡುವಿನೋನು. ದೊಡ್ಡೋನು ಒಂದು ವರ್ಷ ಇಳಿದ, ಹೆಣವಾಗಿ ಬಂದ. ಚಿಕ್ಕೋನು ಒಂದ್ಸಲ ಇಳಿದು ನಗ್ತಾ ಮೇಲೆ ಬಂದ, ಇನ್ನೊಂದು ವರ್ಷ ಇಳಿದೋನು ಅಲ್ಲೇ ರಾಗಿ ಮೇಲೆ ಒರಗಿಬಿಟ್ಟ. ಮೈ ಮೇಲೆ ಒಂದು ಗೀರಿಲ್ಲ, ಹಾವು ಕಚ್ಚಿದ ಗುರುತಿಲ್ಲ. ಒಳಗೆ ಹಗೇವಮ್ಮ ಇದಾಳೆ, ಮುನಿಸ್ಕೊಂಡು ಉಸಿರು ಕುಡಿದಳು ಅಂದ್ರಂತೆ ಊರೋರು.

ಆಮೇಲೆ ಏನಾಯ್ತು, ಗೌಡರ ಮನೇಲಿ ಮಗಳ ಮದುವೆ ಬಂತು. ಊರೂಟಕ್ಕೆ ರಾಗಿ ಸಾಲದು, ಮೂರು ದಿನ ಬಿಟ್ಟು ಹಗೇವು ತೆಗೀತೀವಿ, ಬೊಮ್ಮಣ್ಣ ಇಳೀಬೇಕು ಅಂತ ಹೇಳಿಕಳಿಸಿದ್ರು. ಅವ್ವ ಒಲೆ ಮುಂದೆ ಕೂತು ಬಾಯಿಗೆ ಸೆರಗು ತುರುಕ್ಕೊಂಡು ಅತ್ತಳಂತೆ. ಬೊಮ್ಮಣ್ಣ ನೋಡಿದ್ರೆ, ನಾನು ಇಳೀದಿದ್ರೆ ಇನ್ಯಾರ ಮಗನ್ನ ಇಳಿಸ್ಲಿ ಅಂದ, ಅಂದೋನು ತಟ್ಟೆ ಮುಂದೆ ಕೂತು ಒಂದು ತುತ್ತೂ ಉಣ್ಣಲಿಲ್ಲ. ನಮ್ಮಪ್ಪಯ್ಯನೂ ಹೋಗ್ಬಿಡ್ತಾನಾ ಅಂತ ದ್ಯಾವೀರಿಗೆ ನಿಂತಲ್ಲಿ ನಿಲ್ಲೋಕಾಗ್ಲಿಲ್ಲ, ಎದ್ದು ಓಡಿದಳು.

ಮೊದಲು ಪೂಜಾರಪ್ಪನ ಹತ್ರ ಹೋದಳಂತೆ. ನಮ್ಮ ದೊಡ್ಡಪ್ಪ ಯಾಕೆ ಸತ್ತ ಅಂತ ಕೇಳಿದ್ರೆ, ಮೈಲಿಗೆ ಬಟ್ಟೇಲಿ ಇಳಿದಿರ್ಬೇಕು ಕಣಮ್ಮ ಅಂದ. ಕಣ್ಣಾರೆ ಕಂಡಿದ್ದಾ? ಇಲ್ಲ, ಇರ್ಬೇಕು ಅಂದೆ ಅಷ್ಟೇ ಅಂದ. ಆಮೇಲೆ ಗೌಡರ ಹತ್ರ ಹೋದಳು. ಚಿಕ್ಕಪ್ಪ ಯಾಕೆ ಸತ್ತ ಅಂದ್ರೆ, ಅಮ್ಮನಿಗೆ ಕಾಯಿ ಕಡಿಮೆ ಆಗಿತ್ತಂತಮ್ಮ ಅಂದ್ರು. ಕಣ್ಣಾರೆ ಕಂಡಿದ್ದಾ? ಹಂಗಂತಾರಪ್ಪ, ಹೋಗ್ ಹೋಗು, ಚಪ್ಪರದ ಕೆಲಸ ಇದೆ ಅಂತ ಗದರಿದ್ರು.

ಕೊನೆಗೆ ದೊಡ್ಡಮ್ಮನ ಹತ್ರ ಬಂದಳು. ಸತ್ತ ದೊಡ್ಡಪ್ಪನ ಹೆಂಡ್ತಿ ಕಣೇ, ಗಟ್ಟಿಗಿತ್ತಿ. ಬೀಸೋಕಲ್ಲು ನಿಲ್ಲಿಸಿ ಅವಳು ಹೇಳಿದಳಂತೆ: ನಾನು ಮೂರು ಸಲಾನೂ ಅಲ್ಲೇ ನಿಂತಿದ್ದೆ. ನಿಮ್ಮ ದೊಡ್ಡಪ್ಪಂಗೆ ತಲೆಮೇಲೆ ನೀರು ಹಾಕಿ ಮಡಿ ಉಡಿಸಿದ್ದೆ, ನೂರೊಂದು ಕಾಯಿ ಒಡೆದಿದ್ರು. ಹೊತ್ತಾಯ್ತು ಹೊತ್ತಾಯ್ತು ಅಂತ ಚಪ್ಪಡಿ ತೆಗೆದ ತಕ್ಷಣ ಇಳಿಸಿದ್ರು. ನಿಮ್ಮ ಚಿಕ್ಕಪ್ಪ ನಗ್ತಾ ಬಂದನಲ್ಲ, ಅವತ್ತು ಚಪ್ಪಡಿ ತೆಗೆಯೋ ಹೊತ್ತಿಗೆ ಪೂಜಾರಪ್ಪನ ಹಸು ಈಯಕ್ಕಾಗ್ದೆ ಒದ್ದಾಡ್ತಾ ಇತ್ತು, ಅವನು ಓಡಿಹೋದ. ಎರಡು ದಿನ ಹಗೇವು ಬಾಯಿ ತಕ್ಕೊಂಡು ಬಿದ್ದಿತ್ತು. ಒಡೆದಿದ್ದು ಒಂದೇ ಕಾಯಿ, ಅದೂ ಕೊಳೆತಿದ್ದು. ಮುಂದಿನ ಸಲ ಮತ್ತೆ ನೂರೊಂದು ಕಾಯಿ, ಮತ್ತೆ ಅದೇ ಅವಸರ, ಅವನೂ ಹೋದ.

ಹುಡುಗಿ ಅಂಗಳದ ತುಂಬ ಓಡಾಡಿದಳಂತೆ, ಬೆರಳು ಮಡಚೋಳು, ಬಿಡಿಸೋಳು. ಮಡಿ ಉಟ್ಟೋನು ಸತ್ತ. ನೂರೊಂದು ಕಾಯಿ ಒಡೆಸಿದ ಇಬ್ಬರೂ ಸತ್ರು. ಕೊಳೆತ ಕಾಯಿಯೋನು ಬದುಕಿದ. ಬೇರೆ ಇದ್ದಿದ್ದು ಒಂದೇ, ಹಗೇವಿನ ಬಾಯಿ ತೆರೆದಿತ್ತು. ಅವಾಗ ಅವಳಿಗೆ ದೀಪದ ಮೇಲೆ ಕವುಚಿದ ಗಡಿಗೆ ನೆನಪಾಯ್ತು ನೋಡು. ದೊಡ್ಡಮ್ಮಾ, ನಿನ್ನ ತೂಗುದೀಪ ಕೊಡ್ತೀಯಾ ಅಂದಳು. ಯಾಕೇ? ನೋಡೋಕೆ. ಅಷ್ಟೇ ಹೇಳಿದ್ದು.

ಆ ದಿನ ಬಂತು. ಊರೆಲ್ಲಾ ನೆರೆದಿತ್ತು, ಕಾಯಿ ಒಡೆದ್ರು, ಆರತಿ ಆಯ್ತು, ಚಪ್ಪಡಿ ತೆಗೆದ್ರು. ಬೊಮ್ಮಣ್ಣ ಸೊಂಟಕ್ಕೆ ಹಗ್ಗ ಕಟ್ಕೊಂಡು ಒಂದು ಕಾಲು ಒಳಗಿಟ್ಟ, ಅಷ್ಟರಲ್ಲಿ ದ್ಯಾವೀರಿ ಜನರ ಕಾಲ ಸಂದೀಲಿ ನುಸುಳಿ ಬಂದು ಇನ್ನೊಂದು ಕಾಲು ತಬ್ಬಿ ಹಿಡ್ಕೊಂಡಳಂತೆ. ಅಪ್ಪಯ್ಯ, ನಿನಗಿಂತ ಮುಂಚೆ ದೀಪ ಇಳೀಲಿ! ಅಂತ ಉರಿಯೋ ತೂಗುದೀಪಕ್ಕೆ ಹಗ್ಗ ಕಟ್ಟಿ ಬಿಟ್ಟೇಬಿಟ್ಟಳು. ಒಂದು ಮೊಳ ಇಳೀತು, ಎರಡು ಮೊಳ ಇಳೀತು, ಯಾರೋ ಬೆರಳಲ್ಲಿ ಹೊಸಕಿದಂಗೆ ಆರಿಹೋಯ್ತು.

ಅಯ್ಯಯ್ಯೋ, ಮಡಿಯಿಲ್ಲದ ಹುಡುಗಿ ಮುಟ್ಟಿದ್ದಕ್ಕೆ ಅಮ್ಮ ಮುನಿದಳು ಅಂತ ಪೂಜಾರಪ್ಪ ಕೂಗಿದ. ಹಂಗಾದ್ರೆ ನೀನೇ ಇಳಿಸು ಪೂಜಾರಪ್ಪ, ನೀನು ಮಡೀಲಿದೀಯಲ್ಲ ಅಂದಳಂತೆ ಹುಡುಗಿ. ಎಲ್ಲರೂ ಅವನ ಮುಖ ನೋಡಿದ್ರು, ಪಾಪ ಅವನೇನು ಮಾಡ್ತಾನೆ? ಮತ್ತೆ ದೀಪ ಹಚ್ಚಿ, ಮಂತ್ರ ಹೇಳ್ಕೊಂಡು ಮೆಲ್ಲಗೆ ಇಳಿಸಿದ. ಒಂದು ಮೊಳ, ಎರಡು ಮೊಳ, ಅದೇ ಜಾಗದಲ್ಲಿ ಅದೂ ಆರಿಹೋಯ್ತು. ಪೂಜಾರಪ್ಪ ಕೈಯಲ್ಲಿ ಹಗ್ಗ ಹಿಡ್ಕೊಂಡು ಹಂಗೇ ನಿಂತ.

ಮುಹೂರ್ತ ಮೀರತ್ತೆ, ಇಳಿಯೋ ಬೊಮ್ಮಣ್ಣ, ನೆಂಟರು ಕಾಯ್ತಾ ಇದಾರೆ ಅಂತ ಗೌಡ್ರು ರೇಗಿದ್ರು. ಆಗ ದೊಡ್ಡಮ್ಮ ಮುಂದೆ ಬಂದಳಂತೆ. ನನ್ನ ಗಂಡನ್ನ ಮುಹೂರ್ತಕ್ಕೆ ಸರಿಯಾಗೇ ಇಳಿಸಿದ್ರಿ ಗೌಡ್ರೇ, ಅಂದಳು. ಗೌಡ್ರು ತಲೆಯ ಪಟಕ ತೆಗೆದು ತೊಡೆ ಮೇಲಿಟ್ಕೊಂಡು ಕೂತ್ಬಿಟ್ರು.

ಎರಡು ದಿನ ಕಾಯೋಣ ಅಂದ್ರೆ ಮದುವೆ ಕಾಯತ್ತಾ? ದ್ಯಾವೀರಿಗೂ ಕಾಯೋಕೆ ಬರಲ್ವಲ್ಲ! ಅಡುಗೆಮನೇಲಿ ಹೊಗೆ ತುಂಬಿದ್ರೆ ಅವ್ವ ಮೊರದಲ್ಲಿ ಬೀಸಿ ಓಡಿಸಲ್ವಾ, ಹಂಗೇ ಒಳಗೆ ಕಟ್ಕೊಂಡಿರೋ ಕೆಟ್ಟ ಗಾಳೀನೂ ಓಡಿಸೋಣ ಅಂತ ಹೊಂಗೆ ಸೊಪ್ಪಿನ ದೊಡ್ಡ ಕಂತೆ ಕಟ್ಟಿ, ಹಗ್ಗಕ್ಕೆ ಬಿಗಿದು, ಹಗೇವಿನೊಳಗೆ ಇಳಿಸೋಳು, ಎಳೆಯೋಳು, ಇಳಿಸೋಳು, ಎಳೆಯೋಳು. ಕೈ ಕೆಂಪಗಾಯ್ತು. ದೊಡ್ಡಮ್ಮ ಹಗ್ಗ ಹಿಡಿದಳು, ಅವ್ವ ಹಿಡಿದಳು, ಆಮೇಲೆ ಹೆಂಗಸರೆಲ್ಲಾ ಸರದಿ ಮೇಲೆ ಜಗ್ಗಿದ್ರಂತೆ, ಬಿಸಿಲು ಇಳಿಯೋವರೆಗೂ.

ಆಮೇಲೆ ಮೂರನೇ ದೀಪ ಇಳೀತು. ಒಂದು ಮೊಳ. ಎರಡು ಮೊಳ. ಯಾರೂ ಉಸಿರು ಬಿಡಲಿಲ್ಲ. ಮೂರು, ನಾಕು, ದೀಪ ಹೋಗಿ ರಾಗಿ ಮೇಲೆ ಕೂತು ಚೆನ್ನಾಗಿ ಉರೀತಾ ಇತ್ತಂತೆ, ಒಳಗಿನ ರಾಗಿಯೆಲ್ಲಾ ಕೆಂಪಗೆ ಕಾಣಿಸ್ತು. ಬೊಮ್ಮಣ್ಣ ಮಗಳ ತಲೆ ಮುಟ್ಟಿ ಇಳಿದ. ಅವ್ವ ಕಣ್ಣು ಮುಚ್ಕೊಂಡಳು. ದ್ಯಾವೀರಿ ಮುಚ್ಚಲಿಲ್ಲ, ಬಗ್ಗಿ ನೋಡ್ತಾನೇ ಇದ್ದಳು. ಒಂದು ಕುಕ್ಕೆ ಬಂತು, ಹತ್ತು ಬಂತು, ನಲವತ್ತು ಬಂತು, ಕೊನೆಗೆ ಮೀಸೆ ತುಂಬ ರಾಗಿ ಧೂಳು ಮೆತ್ಕೊಂಡು ಆಕ್ಷೀ ಅಂತ ಸೀನ್ತಾ ಬೊಮ್ಮಣ್ಣನ ತಲೆ ಮೇಲೆ ಬಂತು! ಊರೆಲ್ಲಾ ಹೋ ಅಂತು.

ಹಂಗಾದ್ರೆ ಅಮ್ಮ ಇಲ್ಲ ಅಂತೀಯೇನೇ ಅಂತ ಪೂಜಾರಪ್ಪ ಮೆಲ್ಲಗೆ ಕೇಳಿದ್ನಂತೆ. ಇದ್ರೆ ಇರ್ಲಿ ಬಿಡು, ಅವಳಿಗೂ ಗಾಳಿ ಬೇಡ್ವಾ ಅಂದಳು ಹುಡುಗಿ.

ಎಲ್ಲರೂ ನಗ್ತಾ ಇದ್ರೆ ದೊಡ್ಡಮ್ಮ ಒಬ್ಬಳೇ ದೀಪ ಮಡಿಲಲ್ಲಿಟ್ಕೊಂಡು ಹಗೇವಿನ ಪಕ್ಕ ಕೂತಿದ್ದಳು. ದ್ಯಾವೀರಿ ಹತ್ರ ಹೋದಳು. ಅವತ್ತೂ ಈ ದೀಪ ನಮ್ಮನೇಲಿ ಇತ್ತಲ್ಲೇ ಕೂಸೇ, ಎಣ್ಣೇನೂ ಇತ್ತಲ್ಲೇ, ಅಂತ ದೊಡ್ಡಮ್ಮ ಗೋಳೋ ಅಂತ ಅತ್ತಳಂತೆ. ಹುಡುಗಿ ಅವಳ ತೊಡೆ ಮೇಲೆ ಹೋಗಿ ಕೂತಳು. ಹುಟ್ಟಿದಾಗಿಂದ ಮೊದಲನೇ ಸಲ ಅಲುಗಾಡದೆ ಕೂತಿದ್ದಳಂತೆ, ದೊಡ್ಡಮ್ಮನ ಅಳು ನಿಲ್ಲೋವರೆಗೂ.

ಮದುವೆ ಆಯ್ತು, ಊರೆಲ್ಲಾ ಬಿಸಿ ಮುದ್ದೆ ಉಂಡ್ತು, ಬೊಮ್ಮಣ್ಣ ಮೂರು ಮುದ್ದೆ ಹೊಡೆದ. ಅವತ್ತಿಂದ ಆ ಊರಲ್ಲಿ ಮನುಷ್ಯನಿಗಿಂತ ಮುಂಚೆ ದೀಪಾನೇ ಹಗೇವಿಗೆ ಇಳಿಯೋದಂತೆ, ದೊಡ್ಡಮ್ಮನ ದೀಪಾನೇ. ಆಮೇಲೆ ಅಲ್ಲಿ ಯಾರ ಮನೆಯೋರೂ ಹಗೇವಿನ ಮುಂದೆ ಅಳಲಿಲ್ಲ.

ಏನು, ನಾನು ಕಣ್ಣಾರೆ ಕಂಡಿದ್ದಾ ಅಂತೀಯಾ? ಲೇ ಕಳ್ಳೀ! ಕತೆ ಮುಗೀತು, ಹಗೇವಿಗೆ ಚಪ್ಪಡಿ ಮುಚ್ಚಿದ್ದಾಯ್ತು, ನೀನು ಕಣ್ಣು ಮುಚ್ಚು.