ದೃಷ್ಟಿ ಮಡಕೆಯ ಕಾವಲು

ಹೊಸ ಮನೆಯ ತಾರಸಿಯ ಮೇಲೆ, ಕಕ್ಕಸಿನ ಕೆಟ್ಟ ಗಾಳಿಯನ್ನು ಹೊರಬಿಡುವ ಕೊಳವೆಯೊಂದು ಬಾಯಿ ತೆರೆದು ನಿಂತಿತ್ತು. ದೃಷ್ಟಿ ಮಡಕೆ ಇಡಲು ಇದಕ್ಕಿಂತ ಒಳ್ಳೆಯ ಕಂಬ ಎಲ್ಲಿ ಸಿಕ್ಕೀತು ಎಂದುಕೊಂಡ ಮನೆಯೊಡತಿ ಸರ್ವಮಂಗಳಮ್ಮ, ಸುಣ್ಣದಲ್ಲಿ ಕಣ್ಣು, ಮೀಸೆ, ಕೋರೆಹಲ್ಲು ಬರೆದ ಮಡಕೆಯನ್ನು ಅದರ ಮೇಲೆ ಕವುಚಿ, ಗಾಳಿಗೆ ಬೀಳದಂತೆ ಸುತ್ತ ಸಿಮೆಂಟು ಮೆತ್ತಿಸಿದರು.

"ಅಯ್ಯಾ, ನನಗೆ ಉಸಿರಾಡಲು ಆಗುತ್ತಿಲ್ಲ," ಎಂದಿತು ಕೊಳವೆ.

"ಸಹಿಸಿಕೋ. ನಾನಿರುವ ತನಕ ಕೆಟ್ಟದ್ದು ಯಾವುದೂ ಈ ಮನೆಯೊಳಗೆ ಬರುವುದಿಲ್ಲ," ಎಂದಿತು ಮಡಕೆ.

"ಹೊರಗೆ ಹೋಗುವುದೂ ಇಲ್ಲವಲ್ಲ."

"ಅದು ನನ್ನ ಕೆಲಸವಲ್ಲ."

ವಾರದೊಳಗೆ ಬಚ್ಚಲು ಗುಳುಗುಳು ಎನ್ನತೊಡಗಿತು. ಕಕ್ಕಸಿನ ನೀರು ಇಳಿಯದೆ ನಿಂತಿತು. ನಾತ ದೇವರ ಮನೆಯವರೆಗೂ ಬಂತು.

"ಎದುರುಮನೆಯವಳ ಕಣ್ಣೇ ಬಿದ್ದಿರೋದು," ಎಂದು ಸರ್ವಮಂಗಳಮ್ಮ ಮಡಕೆಯ ಮೀಸೆಯನ್ನು ಇನ್ನಷ್ಟು ದಪ್ಪ ಮಾಡಿಸಿದರು. ನಾತ ಕದಲಲಿಲ್ಲ.

ಕೊನೆಗೆ ಪ್ಲಂಬರ್ ದಸ್ತಗೀರ್ ತಾರಸಿ ಹತ್ತಿದ. ಸಿಮೆಂಟು ಒಡೆದು, ಮಡಕೆಯನ್ನು ಎತ್ತಿ ಬೀದಿ ಕಡೆಯ ಮೋಟುಗೋಡೆಯ ಮೇಲಿಟ್ಟ. ಕೊಳವೆ ನೀಳವಾದ ಉಸಿರು ಬಿಟ್ಟಿತು. ಕೆಳಗೆ ನಿಂತಿದ್ದ ನೀರೆಲ್ಲ ಒಂದೇ ಗುಟುಕಿಗೆ ಇಳಿಯಿತು.

"ನೋಡಿ ದಸ್ತಗೀರ್, ಮಡಕೆ ಎದುರುಮನೆ ಕಡೆ ಮುಖ ಮಾಡಿದ್ದೇ ತಡ, ದೃಷ್ಟಿ ಇಳಿದುಹೋಯ್ತು," ಎನ್ನುತ್ತ ಕೆಳಗಿನಿಂದ ತಾರಸಿ ಹತ್ತಿ ಬಂದ ಸರ್ವಮಂಗಳಮ್ಮ ಮಡಕೆಯ ಹಣೆಗೆ ಕುಂಕುಮ ಹಚ್ಚಿದರು.

ಕೊಳವೆ ಏನೋ ಹೇಳಲು ಹೊರಟಿತು.

"ನೀನು ಬಾಯಿ ಮುಚ್ಚು," ಎಂದಿತು ಮಡಕೆ. "ನಾರುತ್ತದೆ."