ಫಕೀರಪ್ಪ ಪೈಲ್ವಾನರ ಟಾಪ್ ಮಾಡೆಲ್

ಒಂದೂರಲ್ಲಿ ಫಕೀರಪ್ಪ ಅಂತ ಒಬ್ಬ ಪೈಲ್ವಾನರಿದ್ದರು. ವಯಸ್ಸು ಐವತ್ತೈದು, ತೂಕ ಅದರ ಎರಡರಷ್ಟು. ಅವರು ಆಟೋದ ಹಿಂದಿನ ಸೀಟಿನಲ್ಲಿ ಕೂತರೆ ಮುಂದಿನ ಗಾಲಿ ನೆಲ ಬಿಡುತ್ತಿತ್ತು. ಅದಕ್ಕೇ ಊರಿನ ಆಟೋದವರು ಅವರನ್ನು ಕಂಡರೆ ದೂರದಿಂದಲೇ ಕೈಮುಗಿದು, ನಿಲ್ಲಿಸದೆ ಮುಂದೆ ಹೋಗುತ್ತಿದ್ದರು. ಪೈಲ್ವಾನರು ಅದನ್ನು ಗೌರವ ಅಂತ ತಿಳಿದಿದ್ದರು.

ಅವರಿಗೆ ಮೂವರು ಗಂಡುಮಕ್ಕಳು. ದೊಡ್ಡವನು ಯಮನಪ್ಪ, ನಡುವಿನವನು ಶಿದ್ಲಿಂಗ, ಕೊನೆಯವನು ಭರಮು. ಮೂವರೂ ಅಪ್ಪನ ಅಚ್ಚು. ಅದರಲ್ಲೂ ಭರಮು ಕುಸ್ತಿಯಲ್ಲಿ ಹೆಸರು ಮಾಡಿದವನು. ಮನೆಯಲ್ಲಿ ಇನ್ನಿಬ್ಬರು ಗಂಡಸರಿದ್ದರು. ಒಬ್ಬರು ಪೈಲ್ವಾನರ ತಮ್ಮ ರಾಮಣ್ಣ ಕಾಕಾ. ಇನ್ನೊಬ್ಬರು ಗರಡಿಯ ಉಸ್ತಾದ ಹುಸೇನಸಾಬರು. ಉಸ್ತಾದರು ಒಣಗಿದ ಬೇವಿನ ಕಡ್ಡಿಯ ಹಾಗಿದ್ದರು. ಆದರೂ ಇಡೀ ಮನೆ ಹೆದರುತ್ತಿದ್ದದ್ದು ಅವರೊಬ್ಬರಿಗೇ.

ಏಳನೆಯವರು ಬಾಳವ್ವ, ಪೈಲ್ವಾನರ ಹೆಂಡತಿ. ನಸುಕಿನಲ್ಲಿ ಬದಾಮಿ ಅರೆಯುವವರು ಅವರು, ಎಮ್ಮೆ ಹಿಂಡುವವರು ಅವರು, ದಿನಕ್ಕೆ ಎಂಬತ್ತು ರೊಟ್ಟಿ ಬಡಿಯುವವರೂ ಅವರೇ. ಭರಮುವಿನ ಎದೆ, ತೋಳು, ತೊಡೆ ಎಲ್ಲ ಅವರ ಒಲೆಯ ಮುಂದೆ ಬೆಳೆದದ್ದು. ಆದರೆ ಮಗ ಕುಸ್ತಿ ಆಡುವುದನ್ನು ಅವರು ಒಂದು ದಿನವೂ ನೋಡಿರಲಿಲ್ಲ. ಹನ್ನೊಂದು ವರ್ಷದಿಂದ ಅವನು ಊರೂರು ತಿರುಗಿ ಕುಸ್ತಿ ಆಡುತ್ತಿದ್ದ. ಹಳೇ ಜೀಪಿನಲ್ಲಿ ಆರು ಗಂಡಸರು ಹಿಡಿಸುವುದೇ ಕಷ್ಟವಿತ್ತು. "ಮುಂದಿನ ಸಲ ಬರುವಿಯಂತ" ಅನ್ನುತ್ತಿದ್ದರು, ಹೋಗುತ್ತಿದ್ದರು. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬರುತ್ತಿದ್ದರು. ಅದರಲ್ಲಿ ಮಗನಿಗಿಂತ ಹೆಚ್ಚಾಗಿ ಕಾಣುತ್ತಿದ್ದದ್ದು ಮುಂದೆ ಕುಂತವರ ಟೋಪಿ.

ಆ ಮನೆಯಲ್ಲಿ ಜನ ಎಣಿಸುವ ಒಂದು ಪದ್ಧತಿ ಇತ್ತು. ತಲೆ ಎಣಿಸುತ್ತಿರಲಿಲ್ಲ, ತಾಟು ಎಣಿಸುತ್ತಿದ್ದರು. ಗರಡಿಯಲ್ಲಿ ಸಾಮು ಮುಗಿಸಿ ಬಂದ ಆರೂ ಗಂಡಸರು ಒಂದೇ ಸಾಲಿನಲ್ಲಿ ಕೂರುವರು. ಬಾಳವ್ವ ಬಡಿಸುವರು. ಅವರೆಲ್ಲ ಎದ್ದ ಮೇಲೆ ಒಲೆಯ ಪಕ್ಕ ಕೂತು ಉಳಿದದ್ದು ಉಣ್ಣುವರು. ಹೀಗಾಗಿ ಮನೆ ಅಂದರೆ ಆರು ತಾಟು. ಚಾದರ ತಂದರೂ ಆರು, ಐಸ್‌ಕ್ರೀಮು ತಂದರೂ ಆರು. ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಬುದ್ಧಿಯೇ ಇರಲಿಲ್ಲ, ಅಷ್ಟೇ.

ಒಂದು ದಿನ ಹಳೇ ಜೀಪು ಏರಿನಲ್ಲಿ ನಿಂತುಬಿಟ್ಟಿತು. ನಾಲ್ವರು ಪೈಲ್ವಾನರು ನೂಕಿದರೂ ಅಲುಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಭರಮುವಿನ ದೊಡ್ಡ ಕುಸ್ತಿ ಇತ್ತು. ಹೊಸ ಗಾಡಿ ಕೊಳ್ಳಲೇಬೇಕು ಅಂತ ಆರೂ ಜನ ಹುಬ್ಬಳ್ಳಿಯ ಶೋರೂಮಿಗೆ ಹೋದರು.

ಅಲ್ಲಿ ಒಂದೇ ಗಾಡಿ ಮೂರು ತರ ನಿಂತಿತ್ತು. ಬೇಸ್ ಮಾಡೆಲ್, ಮಿಡ್ಲ್ ಮಾಡೆಲ್, ಟಾಪ್ ಮಾಡೆಲ್. ಶೋರೂಮಿನ ಮೇಡಂ ಮೊದಲು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ.

"ಮನೇಲಿ ಎಷ್ಟು ಜನ ಸರ್?"

ಪೈಲ್ವಾನರು ಕಣ್ಣು ಮುಚ್ಚಿ ತಾಟು ನೆನೆದರು. "ಆರು ಮಂದಿ."

"ಹಾಗಾದ್ರೆ ಟಾಪ್ ಮಾಡೆಲ್ ನೋಡಿ. ಆರೇ ಸೀಟು. ನಡುವೆ ಎರಡು ಬೇರೆ ಬೇರೆ ಕುರ್ಚಿ, ರಾಜರು ಕೂತ ಹಾಗೆ. ಮೇಲೆ ಸನ್‌ರೂಫ್."

ಗುಂಡಿ ಒತ್ತಿದ ಕೂಡಲೇ ಗಾಡಿಯ ಚಾವಣಿ ಸರಿದು ಆಕಾಶ ಕಂಡಿತು. ಭರಮು ತಡೆಯಲಿಲ್ಲ. ಮೊದಲು ಒಂದು ಕೈ ತೂರಿಸಿದ, ಆಮೇಲೆ ತಲೆ, ಆಮೇಲೆ ಇನ್ನೊಂದು ಕೈ. ಶಿದ್ಲಿಂಗ ಕೆಳಗಿನಿಂದ ನೂಕಿದ. ಅಂತೂ ಸೊಂಟದವರೆಗೆ ಹೊರಬಂದು ನಿಂತ. ಗೆದ್ದವರಿಗೆ ಬೆಳ್ಳಿಯ ಗದೆ ಕೊಟ್ಟು, ಟ್ರ್ಯಾಕ್ಟರಿನ ಮೇಲೆ ನಿಲ್ಲಿಸಿ ಮೆರವಣಿಗೆ ಮಾಡುವುದು ಆ ಸೀಮೆಯ ಪದ್ಧತಿ.

"ಅಪ್ಪಾ, ಬೆಳ್ಳಿ ಗದಿ ಹಿಡಕೊಂಡು ಹಿಂಗ ನಿಂತು ಊರಾಗ ಬಂದ್ರ ಹೆಂಗ?" ಅಂದ.

ಪೈಲ್ವಾನರಿಗೆ ಕಣ್ಣು ತುಂಬಿ ಬಂತು. ಅಲ್ಲಿಗೆ ಟಾಪ್ ಮಾಡೆಲ್ ಅಂತ ಗಟ್ಟಿಯಾಯಿತು. ಆದರೆ ಅವತ್ತು ಮಂಗಳವಾರ. ಬುಧವಾರ ಬಂದು ಬುಕ್ ಮಾಡುತ್ತೇವೆ ಅಂತ ಹೇಳಿ ಬಸ್ಸು ಹತ್ತಿದರು.

ಸಂಜೆ ಮನೆಯಲ್ಲಿ ಒಂದೇ ಸಂಭ್ರಮ. ಬಾಳವ್ವ ಚಹಾ ಕೊಡುತ್ತ ಕೇಳಿದರು. "ಎಷ್ಟ ಸೀಟು?"

"ಆರು," ಅಂದರು ಪೈಲ್ವಾನರು. "ಮನಿಮಂದಿ ಎಲ್ಲಾ ಹಿಡಸ್ತೀವಿ."

"ನಾ ಎಲ್ಲಿ ಕುಂಡ್ರಬೇಕು?"

ಮೊದಲು ಉತ್ತರ ಕೊಡಲು ನೋಡಿದ್ದು ಹೊರಗಿನ ಎಮ್ಮೆ. ಕೊನೆಗೆ ರಾಮಣ್ಣ ಕಾಕಾ ಗಂಟಲು ಸರಿ ಮಾಡಿಕೊಂಡರು. "ಎರಡ ಕುರ್ಚಿ ನಡುವ ಸಂದಿ ಐತಿ ವೈನಿ. ಒಂದು ಸಣ್ಣ ಸ್ಟೂಲ್ ಇಟ್ರಾತು."

"ಮ್ಯಾಲಿನ ಕಿಟಕಿಯಾಗ ನಿಂತ್ರ ಹಾದಿ ಎಲ್ಲಾ ನೋಡ್ಕೋತ ಬರಬಹುದವ್ವ," ಅಂದ ಶಿದ್ಲಿಂಗ. ತಾನೇ ನಕ್ಕ. ಒಬ್ಬನೇ ನಕ್ಕದ್ದು ಗೊತ್ತಾಗಿ ನಿಲ್ಲಿಸಿದ.

"ಈ ಸಲ ಕುಸ್ತಿಗೆ ನಾವು ಹೋಗಿಬರ್ತೀವಿ," ಅಂದರು ಪೈಲ್ವಾನರು. "ಮುಂದಿನ ಸಲ ನೋಡೂಣು."

"ಹನ್ನೊಂದು ವರ್ಷ ಆತು ಅದನ್ನ ಕೇಳಿ. ಈ ಸಲ ನಾ ಬರ್ತೀನಿ." ಬಾಳವ್ವ ದನಿ ಎತ್ತಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆ ಐತಿ ಅಂದ ಹಾಗೆ ಅಂದರು, ಒಳಗೆ ಹೋದರು.

ಮರುದಿನ ಬೆಳಿಗ್ಗೆ ಸಾಮು ಮುಗಿಸಿ ಗಂಡಸರು ಊಟಕ್ಕೆ ಬಂದರು. ಸಾಲಾಗಿ ಆರು ತಾಟು ಇದ್ದವು. ಐವರು ಕೂತರು. ಆರನೇ ತಾಟಿನ ಮುಂದೆ ಬಾಳವ್ವ ಕೂತರು. ರೊಟ್ಟಿಬುಟ್ಟಿ ನಡುವೆ ಇತ್ತು. ಎಮ್ಮೆಗೆ ನೀರು ಕುಡಿಸಿ ಕೊನೆಗೆ ಬಂದ ಪೈಲ್ವಾನರು ಹಿಂದೆ ಮುಂದೆ ನೋಡಿದರು.

"ನನ್ನ ತಾಟ ಎಲ್ಲಿ?"

"ಆರು ಹಚ್ಚೀನಿ. ನಮ್ಮ ಮನಿ ಆರು ಮಂದಿದಲ್ಲ?"

"ಮತ್ತ ನಾನು?"

"ಮುಂದಿನ ಸಲ ನೋಡೂಣು," ಅಂದರು ಬಾಳವ್ವ. ರೊಟ್ಟಿ ಮುರಿದರು.

ಭರಮು ಏಳಲು ಹೋದ. "ಕುಂಡ್ರೋ," ಅಂದರು ಉಸ್ತಾದರು. ಅವರ ಮೀಸೆಯ ಕೆಳಗೆ ಏನೋ ಅಲುಗುತ್ತಿತ್ತು. ನಗುವೋ, ಶೇಂಗಾ ಚಟ್ನಿಯೋ, ಹೇಳುವುದು ಕಷ್ಟ.

ಪೈಲ್ವಾನರು ಗೋಡೆಗೆ ಒರಗಿ ನಿಂತರು. ಜನ್ಮದಲ್ಲಿ ಎಂತೆಂಥವರ ಎದುರು ನಿಂತಿದ್ದರು. ಉಣ್ಣುವವರ ಎದುರು ನಿಂತಿರಲಿಲ್ಲ. ಹೊಟ್ಟೆ ಕೂಗುತ್ತಿತ್ತು. ಬುಟ್ಟಿ ಇಳಿಯುತ್ತಿತ್ತು. ಬಾಳವ್ವ ಬಿಸಿ ರೊಟ್ಟಿ ತಿನ್ನುವುದನ್ನು ಅವರು ಮದುವೆಯಾಗಿ ಮೂವತ್ತು ವರ್ಷಕ್ಕೆ ಮೊದಲ ಸಲ ನೋಡಿದರು. ಆಕೆ ಬೆಣ್ಣೆಯನ್ನು ಇಷ್ಟಪಟ್ಟು ತಿನ್ನುತ್ತಾರೆ ಅನ್ನುವುದೂ ಅವರಿಗೆ ಅವತ್ತೇ ಗೊತ್ತಾಯಿತು.

ಬುಟ್ಟಿ ಅರ್ಧವಾದಾಗ ಪೈಲ್ವಾನರು ಅಂದರು, "ಉಂಡಮ್ಯಾಲ ಸೀರಿ ಉಟ್ಕೋ. ಶೋರೂಮಿಗೆ ನೀನೂ ಬಾ."

"ಬರ್ತೀನಿ," ಅಂದರು ಬಾಳವ್ವ. ಆಮೇಲೆ ಎದ್ದು ಗಂಡನಿಗೆ ಏಳನೇ ತಾಟು ಹಾಕಿದರು.

ಶೋರೂಮಿನ ಮೇಡಂ ಏಳು ಜನರನ್ನು ಕಂಡು ಬೆರಗಾದರು. "ನಿನ್ನೆ ಆರು ಅಂದಿದ್ರಿ ಸರ್."

"ನಿನ್ನೆ ನನಗ ಎಣಿಸಾಕ ಬರ್ತಿರಲಿಲ್ಲ ಮೇಡಂ."

ದೊಡ್ಡ ಮಗ ಯಮನಪ್ಪ ಹೇಳಿದ, "ಸೀಟಷ್ಟ ಬೇಕಂದ್ರ ಬೇಸ್ ಮಾಡೆಲ್ ಸಾಕಲ್ಲ. ಎಂಟು ಸೀಟು ಅದಾವು."

ಬಾಳವ್ವ ಅದರ ಕೊನೇ ಸಾಲಿನಲ್ಲಿ ಹೋಗಿ ಕೂತರು. "ಎಲ್ಲಾರೂ ಹತ್ರಿ. ಬಾಗಲಾ ಹಾಕ್ರಿ. ಎಸಿ ಹಚ್ರಿ," ಅಂದರು. ಹತ್ತು ನಿಮಿಷ ಕೂತು ನೋಡಿದರು. ಮುಂದಿನವರಿಗೆ ಗಾಳಿ ಬಂತು. ಹಿಂದಿನ ಸಾಲಿಗೆ ಗಾಳಿಯ ದಾರಿಯೇ ಇರಲಿಲ್ಲ. ಮುಂದೆ ಕೂತ ಮೂವರು ಪೈಲ್ವಾನರ ಬೆನ್ನು ದಾಟಿ ಗಾಳಿ ಬರುವುದು ಅಂದರೆ ಗೋಡೆ ದಾಟಿ ಬಂದ ಹಾಗೆ. ಬಾಳವ್ವ ಸೆರಗಿನಿಂದ ಬೆವರು ಒರೆಸಿಕೊಂಡು ಇಳಿದರು.

"ಇದರಾಗ ಮೆಣಸಿನಕಾಯಿ ಒಣಗಸ್ರಿ. ನಾ ಕುಂಡ್ರೂದಿಲ್ಲ."

ಮಿಡ್ಲ್ ಮಾಡೆಲ್‌ನಲ್ಲೂ ಎಂಟು ಸೀಟು. ಹಿಂದಿನ ಸಾಲಿನ ಮೇಲೂ ಗಾಳಿ ಬರುವ ಕಿಂಡಿ ಇತ್ತು. ಬಾಗಿಲ ಕೆಳಗೆ ಕಾಲಿಡಲು ಮೆಟ್ಟಿಲಿತ್ತು. ಬಾಳವ್ವ ಕಾಲಿಟ್ಟು ತಾವೇ ಹತ್ತಿದರು. ಯಾರ ಕೈಯನ್ನೂ ಕೇಳಲಿಲ್ಲ.

"ಇದು," ಅಂದರು.

ಭರಮು ಮಾತ್ರ ಟಾಪ್ ಮಾಡೆಲ್ ಪಕ್ಕ ಮುಖ ಊದಿಸಿಕೊಂಡು ನಿಂತಿದ್ದ. "ಅದಕ್ಕ ಮ್ಯಾಲ ಕಿಟಕಿ ಇಲ್ಲ. ಗೆದ್ದು ಬಂದ್ರ ಎಲ್ಲಿ ನಿಂದ್ರಲಿ?"

ಉಸ್ತಾದರು ಅವನ ಹೆಗಲ ಮೇಲೆ ಕೈ ಇಟ್ಟರು. "ಗೆದ್ದ ದಿನ ಒಂದು ತಾಸು ನಿಂದ್ರತಿ, ಹೌದು. ಸೋತ ದಿನ ಆ ತೂತಿನ್ಯಾಗ ಏನ್ ತೋರಸ್ತೀ?"

ಭರಮು ಸನ್‌ರೂಫನ್ನು ಇನ್ನೊಮ್ಮೆ ನೋಡಿದ. ಆಮೇಲೆ ಮಿಡ್ಲ್ ಮಾಡೆಲ್ ಹತ್ತಿ ಕೊನೇ ಸಾಲಿನಲ್ಲಿ ಕೂತ. ಎರಡು ಸೀಟು ಅವನಿಗೇ ಬೇಕಾಯಿತು. ಉಳಿದ ಒಂದರಲ್ಲಿ ರಾಮಣ್ಣ ಕಾಕಾ ಒತ್ತಿಕೊಂಡು ಕೂತರು. ನಡುವಿನ ಸಾಲಿನಲ್ಲಿ ಒಂದು ಕಿಟಕಿಗೆ ಉಸ್ತಾದರು, ಒಂದು ಕಿಟಕಿಗೆ ಬಾಳವ್ವ, ನಡುವೆ ಶಿದ್ಲಿಂಗ. ಯಮನಪ್ಪ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಪೈಲ್ವಾನರು. ಗಾಡಿ ಒಮ್ಮೆ ಕುಗ್ಗಿ ನಿಂತಿತು, ಆದರೆ ಯಾರೂ ಹೊರಗೆ ಉಳಿಯಲಿಲ್ಲ. ಅದನ್ನೇ ಬುಕ್ ಮಾಡಿದರು.

ಕುಸ್ತಿಯ ದಿನ ಬಂತು. ಬಾಳವ್ವ ಹೆಂಗಸರ ಕಡೆ ಮುಂದಿನ ಸಾಲಿನಲ್ಲೇ ಕೂತರು. ಅಂಜಿ ಕಣ್ಣು ಮುಚ್ಚಿಕೊಳ್ಳುತ್ತಾರೆ ಅಂತ ಎಲ್ಲ ಅಂದುಕೊಂಡಿದ್ದರು. ಅವರು ರೆಪ್ಪೆ ಬಡಿಯದೆ ನೋಡಿದರು. ಭರಮು ಹದಿನಾಲ್ಕು ನಿಮಿಷ ಆಡಿದ. ಹದಿನೈದನೆಯದಕ್ಕೆ ಎದುರಾಳಿ ಅವನನ್ನು ಚಿತ್ ಮಾಡಿದ.

ವಾಪಸ್ ಬರುವಾಗ ಗಾಡಿಯಲ್ಲಿ ಯಮನಪ್ಪ, "ಮಣ್ಣು ಹಸಿ ಇತ್ತು," ಅಂದ. ರಾಮಣ್ಣ ಕಾಕಾ ಕುಸ್ತಿಯ ತೀರ್ಪು ಕೊಟ್ಟ ಪಂಚರನ್ನು ಬೈದರು. ಪೈಲ್ವಾನರು ತುಪ್ಪ ಕಡಿಮೆಯಾಯಿತು ಅಂದರು.

ಬಾಳವ್ವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ಮಣ್ಣೂ ಅಲ್ಲ, ತುಪ್ಪಾನೂ ಅಲ್ಲ. ಸಣ್ಣಂವ ಇದ್ದಾಗ ಬಾವಿಕಟ್ಟಿ ಮ್ಯಾಲಿಂದ ಬಿದ್ದಿದ್ದ. ಆವಾಗಿಂದ ಎಡಗಾಲು ತಡಾ ಎತ್ತತಾನ. ಎದುರಿನ ಹುಡುಗ ಮೂರು ಸಲ ಅದನ್ನ ನೋಡಿದ, ನಾಲ್ಕನೇದ್ದಕ್ಕ ಅದನ್ನ ಹಿಡದ."

"ಗಾಡಿ ನಿಲ್ಲಸು," ಅಂದರು ಉಸ್ತಾದರು.

ರಸ್ತೆ ಬದಿಯಲ್ಲಿ ಗಾಡಿ ನಿಂತಿತು. ಉಸ್ತಾದರು ಭರಮುವನ್ನು ಇಳಿಸಿ, ಗಾಡಿ ಹತ್ತು ಅಂದರು. ಇಳಿ ಅಂದರು. ಮತ್ತೆ ಹತ್ತು ಅಂದರು. ಮೂರು ಸಲವೂ ಬಲಗಾಲು ಚಂಗನೆ ಹೋಯಿತು, ಎಡಗಾಲು ಅರ್ಧ ಉಸಿರು ಹಿಂದೆ ಬಂತು.

"ಹನ್ನೊಂದು ವರ್ಷ ಇವನ ಕೈ ನೋಡೀನಿ, ಕುತ್ತಿಗಿ ನೋಡೀನಿ. ನಡಿಗಿ ನೋಡಿದ್ದಿಲ್ಲ," ಅಂದರು ಉಸ್ತಾದರು. "ತಂಗಿ, ಮುಂದಿನ ತಿಂಗಳ ಇನ್ನೊಂದು ಕುಸ್ತಿ ಐತಿ. ಕಿಟಕಿ ಪಕ್ಕದ ಸೀಟು ನಿನಗ."

"ನಾ ಕೇಳಾಕತ್ತಿಲ್ಲ ಉಸ್ತಾದ್ರ," ಅಂದರು ಬಾಳವ್ವ. "ಕುಂತ ಬಿಟ್ಟೀನಿ."

ನೀತಿ: ಗಾಡಿಯ ಮಾಡೆಲ್ ಆರಿಸುವ ಮೊದಲು ಮನೆಯವರನ್ನು ಎಣಿಸಿ. ಎಣಿಸುವಾಗ ಬಡಿಸುವವರಿಂದ ಶುರು ಮಾಡಿ. ಕೆಳಗಿನದ್ದು ತಂದು ಮನೆಯವರನ್ನು ಬೇಯಿಸಬೇಡಿ, ಮೇಲಿನದ್ದು ತಂದು ಮನೆಯವರನ್ನು ಬಿಟ್ಟು ಹೋಗಬೇಡಿ. ಎಲ್ಲರೂ ತಾವಾಗಿಯೇ ಹತ್ತಿ ಕೂರುವಂಥದ್ದು ಯಾವುದೋ, ಆ ಮನೆಗೆ ಅದೇ ಟಾಪ್ ಮಾಡೆಲ್.